ದುಡ್ಡು ಕೊಟ್ಟು ಮಂಗ ನೋಡಿದ್ದು

ಅಪ್ಪಯ್ಯನನ್ನು ಮೈಸೂರಿಗೆ ಹೊರಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ನಾನು ಶಿಕಾರಿಪುರದಲ್ಲಿ ಶಾಲೆಯ ಮೇಡಂ. ರಜೆ ಸಿಗುವುದೇ ದಸರಾಕ್ಕೆ. ಅಪ್ಪಯ್ಯನದು ಆನವಟ್ಟಿಯ ಆಚೆ ಮೂರು ಎಕರೆ ಮೆಕ್ಕೆಜೋಳದ ಹೊಲ. ತೆನೆ ಬಲಿಯುವುದೂ, ಮಂಗಗಳು ಹಿಂಡುಹಿಂಡಾಗಿ ಇಳಿಯುವುದೂ ಅದೇ ಹೊತ್ತಿಗೆ. ಹೀಗಾಗಿ ಎಪ್ಪತ್ತು ವರ್ಷ ತುಂಬಿದರೂ ಅವರು ಊರು ಬಿಟ್ಟು ಎಲ್ಲೂ ಎರಡು ದಿನ ಉಳಿದವರಲ್ಲ. ನನ್ನ ಮದುವೆಯ ದಿನವೂ ಧಾರೆ ಮುಗಿದದ್ದೇ ಹೊಲಕ್ಕೆ ಓಡಿಹೋಗಿ ಎಣ್ಣೆ ಡಬ್ಬ ಬಡಿದು ಬಂದಿದ್ದರು.

ಈ ಸಲ ನಾನೂ ಹಟ ಹಿಡಿದೆ. ಒಂದೇ ಒಂದು ಸಲ ಈ ಮನುಷ್ಯ ಆ ಹೊಲ ಬಿಟ್ಟು ಬೇರೆ ಏನನ್ನಾದರೂ ಕಣ್ತುಂಬ ನೋಡಬೇಕು. ನನಗೆ ಬೇಕಾಗಿದ್ದು ಅಷ್ಟೇ. ಪಕ್ಕದ ಹೊಲದವನನ್ನು ಕಾವಲಿಗೆ ಒಪ್ಪಿಸಿದೆ. ಡಬ್ಬ ಹೇಗೆ ಬಡಿಯಬೇಕೆಂದು ಅಪ್ಪಯ್ಯ ಅವನಿಗೆ ಅರ್ಧ ಗಂಟೆ ಪಾಠ ಮಾಡಿದರು. ಹತ್ತು ವರ್ಷದ ನನ್ನ ಮಗಳಿಂದ ಗೋಗರೆಸಿ, ಅಂತೂ ಶಿವಮೊಗ್ಗದಲ್ಲಿ ರೈಲು ಹತ್ತಿಸಿದೆ.

ಹತ್ತಿಸಿದ್ದು ಮೈಯನ್ನು ಮಾತ್ರ ಎಂದು ಅರಮನೆಯಲ್ಲಿ ಗೊತ್ತಾಯಿತು. ದರ್ಬಾರ್ ಹಾಲಿನ ಕಂಬಗಳ ನಡುವೆ ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ಅಪ್ಪಯ್ಯ ಫೋನ್ ಕಿವಿಗೆ ಒತ್ತಿಕೊಂಡು, ಊರಿಗೇ ಕೇಳುವಷ್ಟು ಗಟ್ಟಿಯಾಗಿ, “ಹಳ್ಳದ ದಂಡೆ ಕಡಿಗೆ ಹೋಗಿದ್ಯನಾ? ಡಬ್ಬ ಬಡಿ ಮಾರಾಯ, ಸುಮ್ನೆ ಕೂತ್ರೆ ಆಗಲ್ಲ” ಎನ್ನುತ್ತಿದ್ದರು.

“ಅಪ್ಪಯ್ಯ, ಮೇಲೆ ನೋಡು, ಎಷ್ಟು ಚೆನ್ನಾಗಿದೆ!” ಎಂದೆ.

ನೋಡಿದರು. “ಇಷ್ಟೊಂದು ಕಿಟಕಿ ತೆಗೆದಿಟ್ಟಿದಾರೆ. ಮಂಗ ಒಳಗೆ ಬರಲ್ವಾ?”

ಸಂಜೆ ದೀಪಾಲಂಕಾರಕ್ಕೆ ಕರೆದೊಯ್ದೆ. ಊರಿಗೆ ಊರೇ ಝಗಮಗಿಸುತ್ತಿತ್ತು. ಅಪ್ಪಯ್ಯ, “ಇದ್ರಲ್ಲಿ ಒಂದು ಬಲ್ಬು ನಮ್ಮ ಬದುವಿನ ಮೇಲಿದ್ದಿದ್ರೆ ಹಂದಿ ಬರ್ತಿರ್ಲಿಲ್ಲ” ಎಂದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮರುದಿನ ಮೃಗಾಲಯ. ಮಗಳಿಗೆ ಜಿರಾಫೆ ನೋಡುವ ಆತುರ. ಆದರೆ ದಾರಿಯಲ್ಲಿ ಮೊದಲು ಸಿಕ್ಕಿದ್ದು ಮುಸಿಯಗಳು. ಕಪ್ಪು ಮೋರೆ, ಉದ್ದ ಬಾಲ, ಥೇಟ್ ನಮ್ಮೂರಿನವೇ. ಅಪ್ಪಯ್ಯ ಮುಖ ತಿರುಗಿಸಿದರು. “ದುಡ್ಡು ಕೊಟ್ಟು ಮಂಗ ನೋಡೋ ಕರ್ಮ ಎಂಥಕ್ಕೆ? ನಮ್ಮ ಹೊಲಕ್ಕೆ ಪುಕ್ಕಟೆ ಬರ್ತವೆ.”

ಮೊಮ್ಮಗಳು ಕೈ ಹಿಡಿದು ಎಳೆದಳು. ಕಂಬಿಯ ಹತ್ತಿರ ಹೋದವರು, ಅವನ್ನು ಕಂಡದ್ದೇ ತಡ, ಕೈಯೆತ್ತಿ “ಹೋಯ್! ಹೋಹೋಯ್!” ಎಂದು ಕೂಗಿಬಿಟ್ಟರು. ಐವತ್ತು ವರ್ಷದ ಅಭ್ಯಾಸ.

ಸುತ್ತಲಿನ ಮಕ್ಕಳು ಬೆಚ್ಚಿ ಅಳತೊಡಗಿದವು. ಕಾವಲಿನವನು ಓಡಿಬಂದ. “ಏನ್ರೀ ಯಜಮಾನ್ರೇ, ಪ್ರಾಣಿಗಳನ್ನ ಹೆದರಿಸ್ತೀರಲ್ಲ?” ನಾನು ನಾಚಿಕೆಯಿಂದ ಕುಗ್ಗಿಹೋದೆ. ಅವನಿಗೆ ಕೈಮುಗಿದು ಕಳಿಸಿ ಅಪ್ಪಯ್ಯನ ಮೇಲೆ ಹರಿಹಾಯ್ದೆ. “ನಿನ್ನನ್ನ ಕರ್ಕೊಂಡು ಬಂದಿದ್ದೇ ನನ್ನ ತಪ್ಪು. ಎಲ್ಲಿಗೆ ಹೋದ್ರೂ ಆ ಹೊಲಾನ ಹೊತ್ಕೊಂಡೇ ಬರ್ತೀಯಲ್ಲ!”

ಅವರಿಗೆ ಅದು ಕೇಳಿಸಿದಂತಿರಲಿಲ್ಲ. ತಾಯಿ ಮುಸಿಯವೊಂದು ಮರಿಯನ್ನು ಎದೆಗವಚಿಕೊಂಡು ಗೋಡೆಗೆ ಆತು ಕೂತಿತ್ತು. ಓಡಲು ಅದಕ್ಕೆ ಜಾಗವಿರಲಿಲ್ಲ. ಅಪ್ಪಯ್ಯನನ್ನೇ ನೋಡುತ್ತಿತ್ತು. ಎತ್ತಿದ ಕೈಯನ್ನು ಅವರು ಮೆಲ್ಲಗೆ ಇಳಿಸಿದರು.

ಐದು ನಿಮಿಷವಾಯಿತು, ಕಾಲು ಗಂಟೆಯಾಯಿತು. ಮಗಳು “ಅಮ್ಮಾ, ಜಿರಾಫೆ” ಎಂದು ನನ್ನ ಸೆರಗು ಜಗ್ಗುತ್ತಿದ್ದಳು. “ನಡಿ ಅಪ್ಪಯ್ಯ, ಹೊತ್ತಾಗ್ತದೆ” ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

“ಇಷ್ಟು ವರ್ಷ ಇವುಗಳ ಬೆನ್ನೇ ನೋಡಿದ್ದು ಕಣೇ” ಎಂದರು. “ಮುಖ ಇವತ್ತೇ ನೋಡ್ತಿರೋದು.”

ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅವರು ತೆಗೆಯಲಿಲ್ಲ. ನಾನೇ ಜೇಬಿಗೆ ಕೈಹಾಕಿ ತೆಗೆದೆ. ಪಕ್ಕದ ಹೊಲದವನು. ಊಟಕ್ಕೆಂದು ಮನೆಗೆ ಹೋಗಿಬರುವಷ್ಟರಲ್ಲಿ ಹಳ್ಳದ ಕಡೆಯ ಆರು ಸಾಲು ಪೂರಾ ಹೋಯಿತಂತೆ. ಹೇಳಲೋ ಬೇಡವೋ ಎಂದು ಒದ್ದಾಡಿದೆ. ಹೇಳಿದರೆ ನಿಂತ ಕಾಲಲ್ಲೇ ಊರಿಗೆ ಹೊರಡುತ್ತಾರೆ. ಕೊನೆಗೆ ಹೇಳಿದೆ.

“ಹೋಗ್ಲಿ ಬಿಡು” ಎಂದರು ಅಪ್ಪಯ್ಯ, ತಾಯಿ ಮುಸಿಯದ ಮೇಲಿಂದ ಕಣ್ಣು ಕೀಳದೆ. “ಮರಿ ಹಾಲು ಕುಡೀತಿದೆ. ಸ್ವಲ್ಪ ತಡಿ.”