ನೀರು ಬಿಡುವ ಚಿನ್ನಪ್ಪನವರ ಆಣೆ

ಹೂಡಿಯ ಹಳೇ ಊರಿನಲ್ಲಿ ಬರೀ ಚಿನ್ನಪ್ಪ ಎಂದು ಕೇಳಿದರೆ ಯಾವ ಚಿನ್ನಪ್ಪ ಎನ್ನುತ್ತಾರೆ. ನೀರು ಬಿಡೋ ಚಿನ್ನಪ್ಪ ಎಂದರೆ ಮಕ್ಕಳೂ ಮನೆ ತೋರಿಸುತ್ತವೆ. ಕೊಳವೆಬಾವಿಗಳಿಂದ ತುಂಬುವ ದೊಡ್ಡ ಟ್ಯಾಂಕಿನ ನೀರನ್ನು ಸರದಿಯ ಪ್ರಕಾರ ಒಂದೊಂದು ಬೀದಿಗೆ ಹರಿಸುವುದು ಅವರ ಕೆಲಸ. ರಸ್ತೆಯ ನಡುವಿನ ಕಬ್ಬಿಣದ ಮುಚ್ಚಳ ಎತ್ತಿ, ಆಳೆತ್ತರದ ಕೀಲಿ ಒಳಗಿಳಿಸಿ ವಾಲ್ವ್ ತಿರುಗಿಸುತ್ತಾರೆ. ಸುತ್ತ ಎಷ್ಟು ಟೆಕ್ ಪಾರ್ಕುಗಳು ಎದ್ದರೂ ಇದಕ್ಕೆ ಒಬ್ಬ ಮನುಷ್ಯ ಬೇಕು, ಅವನು ಹೊತ್ತಿಗೆ ಸರಿಯಾಗಿ ಬರಬೇಕು. ಚಿನ್ನಪ್ಪ ಬರುತ್ತಿದ್ದರು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು ಎಂದು ತಿಳಿದುಕೊಂಡು ಆ ಬೀದಿಗೆ ಸ್ವಲ್ಪ ಹೆಚ್ಚು ಹೊತ್ತು ನೀರು ಬಿಡುತ್ತಿದ್ದರು. ಅದಕ್ಕಾಗಿ ಯಾರ ಮನೆಯ ಕಾಫಿಯನ್ನೂ ಮುಟ್ಟಿದವರಲ್ಲ.

ಅವರು ಕುಡಿಯುವುದಿಲ್ಲ ಎಂಬುದೂ ಊರಿಗೆ ಗೊತ್ತಿತ್ತು. ಅವರ ಅಪ್ಪ ಸಾರಾಯಿ ಅಂಗಡಿಯ ಮುಂದೆ ಬಿದ್ದು ಸತ್ತವರು. ಬೀಗರೂಟಗಳಲ್ಲಿ ಉಳಿದ ಗಂಡಸರು ಮೆಲ್ಲಗೆ ಪೆಂಡಾಲಿನ ಹಿಂದಕ್ಕೆ ಸರಿದಾಗ ಇವರು ಎಲೆಯ ಮುಂದೆಯೇ ಕೂತಿರುತ್ತಿದ್ದರು. ಮಾಂಸ ಮಾತ್ರ ಬಹಳ ಇಷ್ಟ. ಬಡಿಸುವವರು ಇವರ ಎಲೆಗೆ ಕೇಳದೆಯೇ ಇನ್ನೊಂದು ಸೌಟು ಹಾಕಿ ಹೋಗುತ್ತಿದ್ದರು.

ಎರಡು ವರ್ಷದ ಕೆಳಗೆ ಅವರ ನಡೆ ಬದಲಾಯಿತು. ಹಗಲು ತೂಕಡಿಸುತ್ತಿದ್ದರು, ರಾತ್ರಿ ನಿದ್ದೆಯಿಲ್ಲ ಎನ್ನುತ್ತಿದ್ದರು. ಕೆಲವು ದಿನ ಮಾತು ತೊದಲುತ್ತಿತ್ತು, ಹೆಜ್ಜೆ ಓಲಾಡುತ್ತಿತ್ತು. ಒಂದು ಬೀದಿಗೆ ಎರಡು ಸಲ ನೀರು ಬಂದರೆ ಪಕ್ಕದ ಬೀದಿಗೆ ಬರುತ್ತಲೇ ಇರಲಿಲ್ಲ. ಇದು ಹೆಚ್ಚಾಗಿ ಆಗುತ್ತಿದ್ದುದು ಬಾಡೂಟಗಳ ಮಾರನೆಯ ದಿನ. ಬಾಡೂಟ ಇದ್ದಲ್ಲಿ ಬಾಟ್ಲಿಯೂ ಇರುತ್ತದೆ ಎಂಬುದು ನಮ್ಮ ಊರಿನ ತರ್ಕ. ಇಷ್ಟು ವರ್ಷ ತಡೆದುಕೊಂಡವನು ಈಗ ಶುರುಮಾಡಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು.

ಆ ಯುಗಾದಿಯ ಹೊಸತೊಡಕಿನ, ಎಂದರೆ ಹಬ್ಬದ ಮರುದಿನದ ಬಾಡೂಟದ, ಮಾರನೆಯ ಬೆಳಿಗ್ಗೆ ಟ್ಯಾಂಕು ಪೂರ್ತಿ ಖಾಲಿಯಾಗಿತ್ತು. ಚಿನ್ನಪ್ಪ ವಾಲ್ವ್ ಮುಚ್ಚಲು ಮರೆತು ನೀರೆಲ್ಲ ಮೋರಿಗೆ ಹರಿದಿತ್ತು. ಮನೆಮನೆಯಲ್ಲೂ ಕೊಬ್ಬು ಹೆಪ್ಪುಗಟ್ಟಿದ ಪಾತ್ರೆಗಳ ರಾಶಿ. ಎಲ್ಲರಿಗಿಂತ ಹೆಚ್ಚು ನೀರು ಬೇಕಾಗಿದ್ದುದು ಮಟನ್ ಅಂಗಡಿಯ ಶಿವರಾಜನಿಗೆ. ಅವನು ಚಿನ್ನಪ್ಪನವರನ್ನು ಬೀದಿಯಲ್ಲೇ ಹಿಡಿದ.

“ಏನ್ ಚಿನ್ನಪ್ಪಣ್ಣ, ಹೊಸತೊಡಕು ಸಕ್ಕತ್ತಾಗ್ ಆದಂಗೈತೆ. ಮೋರಿಗೂ ಒಟ್ಟೆ ತುಂಬಾ ಕುಡಿಸ್ಬಿಟ್ಟಿದೀಯ.”

“ಮುಚ್ಚಿದ್ನಲ್ಲ...” ಎಂದರು ಚಿನ್ನಪ್ಪ, ನಾಲಗೆ ಎಳೆಯುತ್ತ.

“ಬಾಟ್ಲಿ ಮುಚ್ಚಳ ಮುಚ್ಚಿರ್ತೀಯ. ವಾಲ್ವ್ ಮುಚ್ಚಿಲ್ಲ ಕಣಣ್ಣ.”

ಚಿನ್ನಪ್ಪನವರ ಹೆಂಡತಿ ಅಂಜನಮ್ಮ ಖಾಲಿ ಕೊಡ ಸೊಂಟದಿಂದ ಇಳಿಸಿದರು. “ಲೇ ಶಿವರಾಜ, ನನ್ ಗಂಡ ಕುಡ್ಯಾಕಿಲ್ಲ. ಬಾ ಇಲ್ಲಿ, ಬಾಯಿ ಮೂಸಿ ನೋಡು.”

ಶಿವರಾಜ ನಿಜವಾಗಿಯೂ ಹತ್ತಿರ ಹೋಗಿ ಮೂಸಿದ. “ಏನೋ ಸಿಹಿ ಸಿಹಿ ವಾಸ್ನೆ ಅಕ್ಕ. ವಾಸ್ನೆ ಮುಚ್ಚಾಕೆ ಏಲಕ್ಕಿ ಅಗ್ದವ್ನೆ. ನಮ್ಮಪ್ಪಾನೂ ಇಂಗೇ ಅಗೀತಿದ್ದ.”

ಸುತ್ತ ನಿಂತವರು ನಕ್ಕರು. ಅಂಜನಮ್ಮ ನಗಲಿಲ್ಲ, ಅಳಲೂ ಇಲ್ಲ. “ನಿಮ್ಮಪ್ಪ ಅಗೀತಿದ್ದ ಅಂತ ಊರೆಲ್ಲ ಅಗೀತದಾ?” ಎಂದು ಕೊಡ ಎತ್ತಿಕೊಂಡು ಹೋದರು.

ನೀರಿನ ಗುತ್ತಿಗೆದಾರ ಬಂದು, ಕುಡುಕನ ಕೈಯಲ್ಲಿ ಟ್ಯಾಂಕ್ ಬಿಡಲಾಗುವುದಿಲ್ಲ ಎಂದ. ಊರಿನ ಹಿರಿಯರು ನಡುವೆ ಬಂದರು. ಚಿನ್ನಪ್ಪ ಮಾರಮ್ಮನ ಗುಡಿಯಲ್ಲಿ ಕರ್ಪೂರ ಹಿಡಿದು ಆಣೆ ಮಾಡಲಿ, ಮಾಡಿದರೆ ಕೆಲಸ ಅವನದೇ ಎಂದು ಒಪ್ಪಂದವಾಯಿತು. ಇಂಥ ಆಣೆಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಇಟ್ಟುಕೊಂಡು, ಮಾತು ಮುಗಿಯುವ ತನಕ ದೇವಿಯ ಮುಂದೆ ಕೈ ಚಾಚಿರಬೇಕು. ಸುಳ್ಳು ಹೇಳುವವನ ಕೈ ನಿಲ್ಲುವುದಿಲ್ಲ ಎಂಬ ನಂಬಿಕೆ. ನನಗೆ ಇಂಥದರಲ್ಲಿ ವಿಶ್ವಾಸವಿಲ್ಲ. ಆದರೆ ನಮ್ಮ ಬೀದಿಯ ನೀರು ಬಿಡುವವರು ಯಾರು ಎಂಬ ಪ್ರಶ್ನೆ ಇದ್ದುದರಿಂದ ನಾನೂ ಹೋಗಿದ್ದೆ.

ಚಿನ್ನಪ್ಪ ಮಿಂದು, ಬಿಳಿ ಪಂಚೆ ಉಟ್ಟು ಬಂದಿದ್ದರು. ಪೂಜಾರಿ ಕರ್ಪೂರ ಹಚ್ಚಿ ಅಂಗೈಯ ಮೇಲಿಟ್ಟ. ಅವರು ತೋಳು ನೀಳವಾಗಿ ಚಾಚಿ, ಮಣಿಕಟ್ಟು ಬಾಗಿಸಿ, “ಅಮ್ಮಾ, ನಾನು ಕುಡ್ದಿದ್ರೆ...” ಎಂದು ಶುರುಮಾಡಿದರು. ಆಗ ಕೈ ಇದ್ದಕ್ಕಿದ್ದಂತೆ ಕೆಳಕ್ಕೆ ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು. ಕರ್ಪೂರ ಕಲ್ಲುಚಪ್ಪಡಿಯ ಮೇಲೆ ಉರುಳಿ ಆರಿಹೋಯಿತು.

“ಅಮ್ಮ ಒಪ್ಪಲಿಲ್ಲ” ಎಂದಳು ಹಿಂದಿನಿಂದ ಒಬ್ಬ ಮುದುಕಿ. ಗುತ್ತಿಗೆದಾರ ಅಲ್ಲೇ ಕೀಲಿ ಕೇಳಿ ಇಸಿದುಕೊಂಡ.

ಗುಡಿಯ ಮೆಟ್ಟಿಲಲ್ಲಿ ಕೂತು ಚಿನ್ನಪ್ಪ ಹೆಂಡತಿಯನ್ನು ಕೇಳಿದ್ದು ನನಗೆ ಕೇಳಿಸಿತು. “ಲೇ, ನಾನು ಕುಡ್ದಿದ್ನಾ? ನಂಗೆ ನೆಪ್ಪಿಲ್ಲ ಕಣೆ.”

“ಇಲ್ಲ. ಏಳು, ನಡಿ” ಎಂದರು ಅಂಜನಮ್ಮ.

ನಾನು ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದವಳು. ಚಾಚಿದ ಕೈ ಹಾಗೆ ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುವುದು ಏನನ್ನು ಸೂಚಿಸುತ್ತದೆ ಎಂಬುದು ಅಲ್ಲಿ ಓದಿದ ಯಾರಿಗಾದರೂ ಗೊತ್ತು. ಮೆಟ್ಟಿಲಿಳಿದು ಅಂಜನಮ್ಮನವರಿಗೆ, “ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದು ಲಿವರಿನ ಕಾಯಿಲೆ ಇರಬೇಕು” ಎಂದೆ.

“ಕುಡ್ಯೋರ್ಗೆ ಬರೋದಲ್ವಾ ಮೇಡಂ ಅದು?”

“ಕುಡಿಯದವರಿಗೂ ಬರುತ್ತದೆ.”

ಆಸ್ಪತ್ರೆಯಲ್ಲಿ ಡಾಕ್ಟರ್ ದಿವ್ಯಾ ಎಂಬ ಚಿಕ್ಕ ವಯಸ್ಸಿನ ವೈದ್ಯೆ ಅದೇ ರೀತಿ ಕೈ ಚಾಚಿಸಿ ನೋಡಿದರು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇರುವುದು ತಿಳಿಯಿತು. ಆ ವೈರಸ್ಸು ಹುಟ್ಟುವಾಗ ತಾಯಿಯಿಂದ ಬಂದಿತ್ತೋ, ಇನ್ನಾರದೋ ರಕ್ತ ಹತ್ತಿದ ಬ್ಲೇಡು ಸೂಜಿಯಿಂದ ಬಂದಿತ್ತೋ ಹೇಳಲಾಗುವುದಿಲ್ಲ. ಸದ್ದಿಲ್ಲದೆ ವರ್ಷಾನುಗಟ್ಟಲೆ ಕೂತು ಯಕೃತ್ತನ್ನು ಗಡುಸು ಮಾಡಿತ್ತು.

ವೈರಸ್ಸು ಅವರ ಮಿದುಳನ್ನು ಹೊಕ್ಕಿರಲಿಲ್ಲ, ಕೆಡಿಸಲು ಹೊಗಬೇಕಾಗಿಯೂ ಇರಲಿಲ್ಲ. ನಾವು ತಿಂದದ್ದು ಕರುಳಿನಲ್ಲಿ ಒಡೆಯುವಾಗ ಅಮೋನಿಯಾ ಹುಟ್ಟುತ್ತದೆ. ಆರೋಗ್ಯವಂತ ಯಕೃತ್ತು ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಗಡುಸಾದ ಯಕೃತ್ತಿಗೆ ಆ ಕೆಲಸ ಆಗುವುದಿಲ್ಲ. ಅಮೋನಿಯಾ, ಅದರ ಜೊತೆಗೆ ಇನ್ನಷ್ಟು ಕಶ್ಮಲ, ರಕ್ತದಲ್ಲಿ ಮಿದುಳಿಗೆ ಏರುತ್ತದೆ. ನಿದ್ದೆ ತಲೆಕೆಳಗಾಗುತ್ತದೆ, ನೆನಪು ಮಸುಕಾಗುತ್ತದೆ, ಮಾತು ತೊದಲುತ್ತದೆ, ಕೈ ನಿಲ್ಲುವುದಿಲ್ಲ. ಉಸಿರಿಗೊಂದು ಮುಗ್ಗಿದ ಸಿಹಿ ವಾಸನೆಯೂ ಬರುತ್ತದೆ. ಎಲೆ ತುಂಬ ಮಾಂಸ ತಿಂದು, ಮೇಲೆ ಮಲಬದ್ಧತೆಯೂ ಆದರೆ ಇದೆಲ್ಲ ಜಾಸ್ತಿಯಾಗಬಹುದು. ಚಿನ್ನಪ್ಪನವರಿಗೆ ಆದದ್ದು ಅದೇ.

ದಿವ್ಯಾ ಮೂರು ಔಷಧ ಕೊಟ್ಟರು: ಹೊಟ್ಟೆ ದಿನವೂ ಚೆನ್ನಾಗಿ ಖಾಲಿಯಾಗುವಂತೆ ಮಾಡುವ ಸಿರಪ್ಪು, ಕರುಳಿನ ಬ್ಯಾಕ್ಟೀರಿಯಾ ತಗ್ಗಿಸುವ ಮಾತ್ರೆ, ವೈರಸ್ಸನ್ನು ಅದುಮಿಡುವ ಇನ್ನೊಂದು ಮಾತ್ರೆ. “ಸಿರಪ್ಪು ತಪ್ಪಿದ್ರೆ ತಲೆ ಮತ್ತೆ ಮಂಜಾಗಬಹುದು. ಪಥ್ಯ ಅಂತ ಊಟ ಬಿಡಬೇಡಿ. ಬೇಳೆ, ಮೊಸರು ಚೆನ್ನಾಗಿ ತಿನ್ನಿ. ಬಾಡೂಟದಲ್ಲಿ ಮಾತ್ರ ಎಲೆ ತುಂಬಿಸ್ಕೋಬೇಡಿ” ಎಂದರು.

“ಕುಡೀದೇ ಇದ್ದೋನ್ಗೆ ಬಾಡೂ ಬಿಡಿಸ್ತೀರಲ್ಲ ಡಾಕ್ಟ್ರಮ್ಮ” ಎಂದರು ಚಿನ್ನಪ್ಪ. ಆ ಮಾತು ತೊದಲಿರಲಿಲ್ಲ. ತಲೆ ತಿಳಿಯಾಗತೊಡಗಿತ್ತು.

ಇಲ್ಲಿಯ ತನಕ ನಡೆದದ್ದು ಔಷಧದ ಕೆಲಸ. ಮುಂದಿನದು ಚಿನ್ನಪ್ಪನವರದು. ಊರಿಗೆ ಬಂದ ಮೇಲೆ ಅವರು ನೀರಿಗೆ ಕಾದು ನಿಂತವರ ನಡುವೆ ಹೋಗಿ, “ನಂಗಿರೋದು ಹೆಪಟೈಟಿಸ್ ಬಿ. ರಕ್ತದಿಂದ ಬರೋದು, ಲೋಟದಿಂದ ಬರಾಕಿಲ್ಲ. ನನ್ ಒಡಹುಟ್ಟಿದೋರೆಲ್ಲ ರಕ್ತ ತೋರಿಸ್ಕಳಿ” ಎಂದು ಹೇಳಿದರು. ಓದಿದವರೇ ಬಚ್ಚಿಡುವ ಕಾಯಿಲೆ ಇದು. ಕೆಲವರು ಅವರ ಪಕ್ಕದಿಂದ ಎದ್ದು ಹೋದರು. ಆದರೆ ಅವರ ತಮ್ಮನಿಗೂ ವೈರಸ್ಸು ಇರುವುದು, ಯಕೃತ್ತು ಕೆಡುವ ಮೊದಲೇ ತಿಳಿಯಿತು. ಅಂಜನಮ್ಮನವರಿಗೆ ಇರಲಿಲ್ಲ, ಲಸಿಕೆ ಹಾಕಿಸಿದರು.

ಆಮೇಲೆ ಗುತ್ತಿಗೆದಾರ ಮತ್ತು ಶಿವರಾಜ ಅವರ ಮನೆಗೆ ಬಂದರು. ಔಷಧ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ. ಶಿವರಾಜ, “ತಪ್ಪಾಯ್ತು ಕಣಣ್ಣ. ಇನ್ನೊಂದ್ಸಲ ಆಣೆ ಮಾಡ್ಬಿಡು, ಊರಿನ ಬಾಯಿ ಮುಚ್ಕಳುತ್ತೆ. ಕೆಲ್ಸಾನೂ ನಿಂದೇ” ಎಂದ.

“ಬ್ಯಾಡ ಕಣಪ್ಪ” ಎಂದರು ಚಿನ್ನಪ್ಪ. “ಕುಡ್ದಿಲ್ಲ ಅನ್ನೋದೂ ನಿಜ, ಟ್ಯಾಂಕ್ ಖಾಲಿ ಮಾಡಿದ್ದೂ ನಿಜ. ಯಾವ್ದುಕ್ಕೆ ಅಂತ ಆಣೆ ಮಾಡ್ಲಿ?”

“ಅಂಗಾರೆ ಕೆಲ್ಸ ಬ್ಯಾಡ್ವಾ?” ಎಂದ ಗುತ್ತಿಗೆದಾರ.

“ಬೇಕು. ಆದ್ರೆ ಒಬ್ನೇ ಮಾಡಾಕಿಲ್ಲ. ತಲೆ ಮಂಜಾದ್ರೆ ಎಲ್ರಿಗೂ ಗೊತ್ತಾಗುತ್ತೆ, ನಂಗೊಬ್ನಿಗೆ ಗೊತ್ತಾಗಾಕಿಲ್ಲ. ಮಲಕಪ್ಪನ್ನ ಬಿಡಿಸ್ಬ್ಯಾಡಿ. ಅವ್ನು ಇವತ್ತು ಬ್ಯಾಡ ಅಂದ್ರೆ ನಾನು ಕೀಲಿ ಮುಟ್ಟಾಕಿಲ್ಲ.”

ಮಲಕಪ್ಪ ಯಾದಗಿರಿ ಕಡೆಯವನು, ನಲವತ್ತರ ಆಸುಪಾಸು. ಕಟ್ಟಡದ ಕೆಲಸ ಬಿಟ್ಟು ಚಿನ್ನಪ್ಪನವರ ಜಾಗಕ್ಕೆ ಬಂದಿದ್ದ. ತನ್ನ ಜಾಗ ಕಿತ್ತುಕೊಂಡವನ ಕೈಗೇ ತನ್ನನ್ನು ತಡೆಯುವ ಅಧಿಕಾರ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಟ್ಯಾಂಕಿಗೆ ಹೇಗೂ ಇನ್ನೊಬ್ಬ ಬೇಕಾಗಿತ್ತು, ಗುತ್ತಿಗೆದಾರ ಒಪ್ಪಿದ.

ಕಳೆದ ತಿಂಗಳು ಒಂದು ಬೆಳಿಗ್ಗೆ ಇಬ್ಬರೂ ನಮ್ಮ ಗೇಟಿನ ಮುಂದೆ ನಿಂತಿದ್ದರು.

“ಯಣ್ಣಾ, ಇವತ್ತ ಯಾವ ಓಣಿಗಿ ಬಿಡೂದೈತ್ರಿ?” ಎಂದ ಮಲಕಪ್ಪ.

“ಮಸೀದಿ ಬೀದಿಗೆ.”

“ಅದು ನಿನ್ನಿ ಆತ್ರಿ. ಇವತ್ತ ನೀವು ಮನೀಗ ನಡೀರಿ.”

“ನಾನ್ ಸರಿಯಾಗೇ ಇವ್ನಿ ಕಣಯ್ಯ” ಎಂದರು ಚಿನ್ನಪ್ಪ. ಅವರ ಮುಖದಲ್ಲಿ ಸಂಶಯದ ಸುಳಿವೇ ಇರಲಿಲ್ಲ. ಅವರ ಮಟ್ಟಿಗೆ ಅದು ಮಸೀದಿ ಬೀದಿಯ ದಿನವೇ ಆಗಿತ್ತು.

“ನಾ ಸರಿ ಅದೀನಿ ಅಂದ್ರೂ ಕೇಳಬ್ಯಾಡ ಅಂತ ನೀವ ಹೇಳೀರಲ್ರೀ.”

ತನ್ನ ತಲೆ ಸರಿ ಎನ್ನುತ್ತಿರುವಾಗ ಇನ್ನೊಬ್ಬನ ಮಾತನ್ನು ನಂಬುವುದು ಸುಲಭವಲ್ಲ. ಕುರ್ಚಿ ಬಿಡಲೊಲ್ಲದ ಕುಲಪತಿಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಚಿನ್ನಪ್ಪ ಕೀಲಿಯನ್ನು ಮಲಕಪ್ಪನ ಹೆಗಲಿಗೆ ಒರಗಿಸಿ, ಹೆಂಡತಿ ಕೊಡುವ ಸಿರಪ್ಪು ಕುಡಿಯಲು ಮನೆಯ ಕಡೆ ನಡೆದರು. ಮಲಕಪ್ಪ ಮುಚ್ಚಳ ಎತ್ತಿ ನಮ್ಮ ಬೀದಿಗೆ ನೀರು ಬಿಟ್ಟ.