ಭಾವನವರ ಎದುರು ಅರಿವಳಿಕೆಯ ಮಾತು

ಮಕ್ಕಳೇ, ನನ್ನ ಕಿಡ್ನಿಯ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಬೆನ್ನಿನಿಂದ ಸೂಜಿ ಹಾಕಿ ಸುಡುವುದೆಂದು ತೀರ್ಮಾನವಾಗಿತ್ತು. ಹಲಸೂರಿನ ಆಸ್ಪತ್ರೆಗೆ ನಿಮ್ಮಮ್ಮನ ಜೊತೆ ನನ್ನ ಭಾವನವರೂ ಬಂದರು. ನಿಮ್ಮ ತಾತ ಹೋದ ಮೇಲೆ ಮನೆಗೆ ಅವರೇ ಹಿರಿಯರು. ಗಂಡನ ಅಣ್ಣನ ಎದುರು ನಿಂತು ಮಾತಾಡುವುದು ನಮ್ಮ ಕಡೆ ಇಲ್ಲ. ನಾನು ಮಗಳ ಹಿಂದೆ ನಿಂತೆ.

"ಪೂರ್ತಿ ಪ್ರಜ್ಞೆ ತಪ್ಸೋದಾ, ಇಲ್ಲ ಬರೀ ಮಂಪರು ಬರ್ಸೋದಾ? ಮಂಪರಲ್ಲಾದ್ರೆ ಬೋರಲು ಮಲಗಿ, ನಾವು ಹೇಳ್ದಾಗ ಉಸಿರು ಹಿಡೀಬೇಕು," ಎಂದು ಡಾಕ್ಟರು ನನ್ನನ್ನೇ ಕೇಳಿದರು.

"ಮಂಪರೇ ಸಾಕು ಡಾಕ್ಟ್ರೇ. ನಮ್ಮನೆ ಹೆಂಗಸ್ರು ಗಟ್ಟಿ," ಎಂದರು ಭಾವ.

ನನಗೆ ಮೈಯೆಲ್ಲ ಉರಿಯಿತು. ಸೂಜಿ ಚುಚ್ಚುವುದು ನನ್ನ ಬೆನ್ನಿಗೆ, ಗಟ್ಟಿತನ ಇವರದ್ದು! ಬೋರಲು ಮಲಗಿದರೆ ನನಗೆ ಕೆಮ್ಮು ನಿಲ್ಲುವುದೇ ಇಲ್ಲ. ಸೂಜಿ ಒಳಗಿರುವಾಗ ಕೆಮ್ಮಿದರೆ?

ಸೆರಗನ್ನು ಬಾಯಿಗೆ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಮಗಳಿಗೆ ಹೇಳಿದೆ: "ಬೋರಲು ಮಲಗಿದ್ರೆ ನಂಗೆ ಕೆಮ್ಮು ಬರುತ್ತೆ, ಪೂರ್ತಿನೇ ಪ್ರಜ್ಞೆ ತಪ್ಸಲಿ ಅಂತ ನಿಮ್ಮ ದೊಡ್ಡಪ್ಪಂಗೆ ಹೇಳು."

"ಅದನ್ನ ಮೊದ್ಲೇ ಹೇಳಕ್ಕೇನಾಗಿತ್ತಂತೆ, ನಿಮ್ಮಮ್ಮನ್ನ ಕೇಳಮ್ಮ," ಎಂದರು ಭಾವ, ಗೋಡೆ ನೋಡುತ್ತ.

ಡಾಕ್ಟರು ನಮ್ಮಿಬ್ಬರನ್ನೂ ನೋಡಿ, ಕೊನೆಗೆ ಮಗಳ ಕಡೆಗೇ ತಿರುಗಿದರು. "ಪೂರ್ತಿ ಅರಿವಳಿಕೆನೇ ಕೊಡ್ತೀವಿ ಅಂತ ಇಬ್ರಿಗೂ ನೀವೇ ಹೇಳ್ಬಿಡಿ."