ಗುಬ್ಬಿ ಗೂಡು ಸೇರುವ ಸದ್ದು

ನಮ್ಮ ಮನೆಯಲ್ಲಿ ಯಾರೂ ಮೆತ್ತಗೆ ಮಾತಾಡುವುದಿಲ್ಲ. ಬೇಗೂರಿನ ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ನಾವು ಜಗಳ ಆಡುತ್ತಿದ್ದೇವೆ ಎಂದೇ ತಿಳಿಯುತ್ತಾರೆ. ಜಗಳವೂ ಆಡುತ್ತೇವೆ, ಅದು ಬೇರೆ ಮಾತು. ಕಾರಣ ಅಪ್ಪನ ಕಿವಿ. ಬೊಮ್ಮನಹಳ್ಳಿಯ ಒಂದು ಶೆಡ್ಡಿನಲ್ಲಿ ಅಪ್ಪ ವರ್ಷಗಟ್ಟಲೆ ಪವರ್ ಪ್ರೆಸ್ ಓಡಿಸಿದವನು. ಅದು ತಗಡಿನ ಮೇಲೆ ಬಡಿದೂ ಬಡಿದೂ ಅವನ ಕಿವಿಯಿಂದ ಸಣ್ಣ ಕೀರಲು ದನಿಗಳನ್ನೆಲ್ಲ ಕಿತ್ತುಕೊಂಡಿತ್ತು. ಫೋನಿನ ಗಂಟೆ ಕೇಳುವುದಿಲ್ಲ, ಕುಕ್ಕರಿನ ಸೀಟಿ ಕೇಳುವುದಿಲ್ಲ. ಲಾರಿ ಬಂದರೆ ಕೇಳುತ್ತದೆ. ಡಾಕ್ಟರ ಹತ್ತಿರ ತೋರಿಸೋಣ ಎಂದರೆ, ತನಗೇನೂ ಆಗಿಲ್ಲ, ನೀವೇ ಬಾಯಲ್ಲಿ ಕಡುಬು ಇಟ್ಟುಕೊಂಡು ಮಾತಾಡುತ್ತೀರಿ ಎಂದು ನಮ್ಮ ಮೇಲೇ ತಿರುಗಿಬೀಳುತ್ತಿದ್ದ.

ಅಂಥ ಅಪ್ಪನ ಮಗಳಿಗೆ ಸಿಕ್ಕ ಕೆಲಸ ಯಾವುದು ಅಂತೀರಿ? ಗುಬ್ಬಚ್ಚಿಗೆ ದನಿ ಕೊಡುವುದು.

ಎರಡು ಸಾವಿರದ ದಶಕದ ನಡುವಿನ ಮಾತು. ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಗಾರ್ಮೆಂಟ್ಸ್‌ನ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ಟಿವಿಗೆ ಸಿಕ್ಕಿಸಿ ಆಡುವ ಅಗ್ಗದ ಗೇಮ್ ಡಬ್ಬಿಗಳಿಗೆ ಆಟ ತಯಾರಿಸುತ್ತಿದ್ದೆವು. ಅತ್ತ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದರೆ, ಇತ್ತ ನಾವು ನಮ್ಮ ಬಾಲ್ಯದ ಕಾಲದ ಚಿಪ್ ಹಿಡಿದುಕೊಂಡು ಕೂತಿದ್ದೆವು. ಆಟದಲ್ಲಿ ಒಂದು ಗುಬ್ಬಿ ಕಾಳು ಹೆಕ್ಕುತ್ತಾ, ಬೆಕ್ಕಿನಿಂದ ತಪ್ಪಿಸಿಕೊಂಡು, ನೀರಿನ ತೊಟ್ಟಿ ದಾಟಿ ಗೂಡು ಸೇರಬೇಕು. ಅದರ ಸದ್ದುಗಳೆಲ್ಲ ನನ್ನ ಪಾಲು.

ಸದ್ದು ಎಂದರೆ ಮೈಕ್ ಹಿಡಿದು ರೆಕಾರ್ಡ್ ಮಾಡಿದ್ದಲ್ಲ. ಅದಕ್ಕೆಲ್ಲ ಅಲ್ಲಿ ಜಾಗ ಎಲ್ಲಿಂದ ಬರಬೇಕು? ಒಳಗಿರುವುದು ಬರೀ ಅಂಕಿ. ಅಮ್ಮ ತನ್ನ ತಂಗಿಗೆ ಫೋನಿನಲ್ಲಿ ರಂಗೋಲಿ ಹೇಳಿಕೊಡುತ್ತಾಳಲ್ಲ, ಇಷ್ಟು ಚುಕ್ಕಿ, ಇಷ್ಟು ಸಾಲು, ಇಲ್ಲಿಂದ ಅಲ್ಲಿಗೆ ಎಳಿ ಅಂತ, ಹಾಗೆ. ನನ್ನ ಸಾಲಿನಲ್ಲೂ ಅಷ್ಟೇ ಇರುತ್ತಿತ್ತು: ದನಿ ಎಷ್ಟು ಮೇಲೆ, ಎಷ್ಟು ಜೋರು, ಎಷ್ಟು ಹೊತ್ತು. ಆಮೇಲೆ ಮುಂದಿನ ದನಿ, ಅದರ ಮುಂದಿನದು. ಕಟ್ಟಕಡೆಗೆ ‘ಇಲ್ಲಿಗೆ ಮುಗಿಯಿತು’ ಎಂದು ತಿಳಿಸುವ ಒಂದು ಅಂಕಿ. ಅದರಲ್ಲೂ ಲೆಕ್ಕ ತಲೆಕೆಳಗು, ಅಂಕಿ ದೊಡ್ಡದಾದಷ್ಟೂ ದನಿ ದಪ್ಪಗಾಗಿ ಕೆಳಗಿಳಿಯುತ್ತದೆ. ಆ ಚಿಪ್‌ನಲ್ಲಿ ದನಿ ಹೊರಡಲು ಇದ್ದದ್ದು ನಾಲ್ಕು ದಾರಿ. ಎರಡು ಚಿಲಿಪಿಲಿಗೆ ಹೇಳಿ ಮಾಡಿಸಿದವು, ಒಂದು ಬುಸ್ಸೆನ್ನುವುದಕ್ಕೆ, ಇನ್ನೊಂದು ದಪ್ಪನೆಯ ತಗ್ಗು ದನಿಗೆ. ಈ ತಗ್ಗು ದನಿಯದು ಹಠಮಾರಿ ಸ್ವಭಾವ. ಅದನ್ನು ಮೆತ್ತಗೆ ಮಾಡಲು ಬರುವುದಿಲ್ಲ. ಒಂದೋ ಪೂರ್ತಿ ಜೋರು, ಇಲ್ಲವೇ ಬಾಯಿ ಬಂದ್. ನಮ್ಮ ಮನೆಯವರ ಹಾಗೇ.

ನಮ್ಮ ಬಾಸ್ ಇದೇ ಸೀಮೆಯವರು, ಜಮೀನು ಮಾರಿ ಕಂಪನಿ ತೆರೆದವರು. ಚಿಪ್‌ನ ಜಾಗವನ್ನೂ ಅವರು ಲೇಔಟಿನಂತೆಯೇ ಕಾಣುತ್ತಿದ್ದರು. ಚಿತ್ರಗಳಿಗೆ ಮೇನ್ ರೋಡ್ ಸೈಟು, ಹಾಡಿಗೆ ಕಾರ್ನರ್ ಸೈಟು, ನನ್ನ ಸದ್ದುಗಳಿಗೆ ಮೋರಿ ಪಕ್ಕದ ಚೂರು. ಆ ಚೂರಿನಲ್ಲೇ ನಾನು ಒಂದು ಕೂಗು ಕಟ್ಟಿದ್ದೆ. ಗುಬ್ಬಿ ಗೂಡು ಸೇರಿದಾಗ ಮೇಲಕ್ಕೆ ಹತ್ತಿ, ಹೊರಳಿ, ಕೆಳಗಿಳಿದು ನಿಲ್ಲುವ ಉದ್ದನೆಯ ಕೂಗು. ಬಾಸ್ ಬಂದವರಿಗೆಲ್ಲ ಅದನ್ನು ಕೇಳಿಸುತ್ತಿದ್ದರು. ನನಗೂ ಸ್ವಲ್ಪ ಕೊಬ್ಬು ಬಂದಿತ್ತು.

ಒಂದು ಭಾನುವಾರ ಆಟದ ಮಾದರಿ ಕ್ಯಾಸೆಟ್ಟನ್ನು ಮನೆಗೆ ತಂದು ಟಿವಿಗೆ ಸಿಕ್ಕಿಸಿದೆ. ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಟಿವಿ ಮುಂದೆ ಕುರ್ಚಿ ಎಳೆದು ಕೂತ. ಮಗಳ ಕೆಲಸ ನೋಡಲು ಇಸ್ತ್ರಿ ಅಂಗಿ! ಗುಬ್ಬಿ ಕಾಳು ಕುಕ್ಕಿದಾಗಲೆಲ್ಲ ತಲೆದೂಗಿದ, ಗೂಡು ಸೇರಿದಾಗ ತೊಡೆ ತಟ್ಟಿದ. ಅಷ್ಟರಲ್ಲಿ ಚಿಕ್ಕಮ್ಮನ ಫೋನು ಬಂತು. ಅಮ್ಮ ಹಿಂದಿನಿಂದ ರಿಮೋಟ್ ಒತ್ತಿ ಟಿವಿಯ ಸದ್ದು ಅಡಗಿಸಿದಳು. ಅಪ್ಪ ತಲೆದೂಗುತ್ತಲೇ ಇದ್ದ.

"ಏನ್ ಚೆಂದಾಗಿ ಕೂಗ್ತದೆ ಮಗ ನಿನ್ ಗುಬ್ಬಿ," ಅಂದ.

ಅಮ್ಮ ಫೋನು ಕಿವಿಗೆ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಅವನಿಗೆ ಮೊದಲಿನಿಂದಲೂ ಒಂದೂ ಕೇಳಿಸಿರಲಿಲ್ಲ. ಪಕ್ಕದಲ್ಲಿ ಕೂತು ಆಡುತ್ತಿದ್ದ ನನ್ನ ಮುಖ ನೋಡಿ ನೋಡಿ ಎಲ್ಲಿ ತಲೆದೂಗಬೇಕು ಎಂದು ಅಂದಾಜು ಮಾಡುತ್ತಿದ್ದ, ಅಷ್ಟೆ. ನನಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಸೊಪ್ಪು ಸರಿಯಾಗಿ ಬಿಡಿಸಿಲ್ಲ ಎಂದು ಅಮ್ಮನ ಮೇಲೆ ಹರಿಹಾಯ್ದೆ. ನಾನು ಮಾಡಿದ ಸದ್ದುಗಳಲ್ಲಿ ಒಂದನ್ನಾದರೂ ಅಪ್ಪ ನಿಜವಾಗಿ ಕೇಳಬೇಕು ಎಂದು ಆವತ್ತೇ ಮನಸ್ಸಿಗೆ ಹತ್ತಿತು. ತಿಂಗಳ ಕೊನೆಗೆ ಆಟ ಚಿಪ್ ಮಾಡುವವರ ಕೈ ಸೇರಬೇಕಿತ್ತು. ಒಮ್ಮೆ ಅಲ್ಲಿ ಅಚ್ಚಾಯಿತೆಂದರೆ ಒಂದು ಅಂಕಿಯನ್ನೂ ಬದಲಿಸಲು ಬರುವುದಿಲ್ಲ.

ಮುಂದಿನ ಭಾನುವಾರ ಹೊಸ ಮಾದರಿ ತಂದೆ. ಆ ವಾರ ಜಾಗ ಉಳಿಸಲು ಸಾಲುಗಳನ್ನೆಲ್ಲ ಕತ್ತರಿಸಿ ಜೋಡಿಸಿದ್ದೆ. ಹಾಗೆ ಮಾಡುವಾಗ ಒಂದು ಎಡವಟ್ಟಾಗಿತ್ತು. ಗುಬ್ಬಿ ತೊಟ್ಟಿಗೆ ಬಿದ್ದಾಗ ಬರುವ ‘ಗುಡುಂ’ ಸಾಲಿನ ಕೊನೆಯ ಅಂಕಿ, ಆ ‘ಇಲ್ಲಿಗೆ ಮುಗಿಯಿತು’, ಬಿಟ್ಟುಹೋಗಿತ್ತು. ಮುಗಿಯಿತು ಎಂದು ಹೇಳದಿದ್ದರೆ ಆ ಚಿಪ್‌ಗೇನು ಗೊತ್ತು? ಗುಬ್ಬಿ ತೊಟ್ಟಿಗೆ ಬಿತ್ತು, ತಗ್ಗು ದನಿ ಶುರುವಾಯಿತು, ನಿಲ್ಲಲೇ ಇಲ್ಲ. ಸದ್ದಿನ ಸಾಲು ಮುಗಿದ ಮೇಲೆ ಅದರ ಪಕ್ಕದಲ್ಲಿದ್ದ ಗೋಡೆ, ಮರ, ಬೇಲಿಗಳ ಅಂಕಿಗಳನ್ನೂ ಸದ್ದೆಂದೇ ಓದುತ್ತಾ ಗೊರ್ರ್ ಎಂದು ಹೊರಳುತ್ತಾ ಹೋಯಿತು. ಅಮ್ಮ ಕಿವಿ ಮುಚ್ಚಿಕೊಂಡು ಮೊದಲು ಅದನ್ನು ಆರಿಸು ಎಂದು ಬೈದಳು. ಅಪ್ಪ ಹಿತ್ತಲಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದವನು ಸ್ಪ್ಯಾನರ್ ಹಿಡಿದುಕೊಂಡೇ ಒಳಗೆ ಬಂದ.

"ಇಷ್ಟೊತ್ನಲ್ಲಿ ಗ್ರೈಂಡರ್ ಆಕಿದ್ದೀರಲ್ಲ, ನಾಳೀಕೆ ದ್ವಾಸೆನಾ?"

ಟಿವಿ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಯಾರ ಮುಖವನ್ನೂ ಅವನು ನೋಡಿರಲಿಲ್ಲ. ಹಿತ್ತಲಿಗೆ ಕೇಳಿಸಿತ್ತು! ನಾನು ಕುಣಿದಾಡಿದೆ. ಅಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ, ಆದರೂ ಜೊತೆಗೆ ನಕ್ಕ. ಮಾರನೆಯ ದಿನ ಅಮ್ಮ ದೋಸೆಯನ್ನೂ ಹುಯ್ದಳು.

ಆಫೀಸಿನಲ್ಲಿ ಎಡವಟ್ಟನ್ನು ಸರಿಮಾಡಿ, ನೇರವಾಗಿ ಬಾಸ್ ಮುಂದೆ ಹೋಗಿ ನಿಂತೆ. ಗುಬ್ಬಿ ಗೂಡು ಸೇರಿದಾಗ ಆ ಗ್ರೈಂಡರ್ ಸದ್ದು ಬರಬೇಕು ಎಂದೆ. ಅವರು ಕನ್ನಡಕ ತೆಗೆದಿಟ್ಟರು.

"ಗೂಡಲ್ಲಿ ಗ್ರೈಂಡರ್ ಯಾಕಮ್ಮಾ? ಗುಬ್ಬಿಗೆ ದೋಸೆ ಹುಯ್ಕೊಡ್ತೀಯಾ?"

ಕಾರಣ ಹೇಳಿದೆ. ಇಸ್ತ್ರಿ ಅಂಗಿಯ ಮಾತನ್ನೂ ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, "ಜಾಗ ನೀನೇ ಬಿಡಿಸ್ಕೋ. ನನ್ ಕೈಲಿ ಒಂದಿಂಚೂ ಇಲ್ಲ" ಅಂದರು.

ಬಿಡಿಸಿಕೊಳ್ಳಲು ಉಳಿದಿದ್ದಾದರೂ ಏನು? ಆ ಉದ್ದನೆಯ ಕೂಗು ಒಂದೇ. ಮೇಲಕ್ಕೆ ಹತ್ತುವುದನ್ನು ಉಳಿಸಿಕೊಂಡು, ಹೊರಳಿ ಇಳಿಯುವ ಭಾಗವನ್ನು ತೆಗೆದುಹಾಕಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಡುವಾದ ಆ ಜಾಗದಲ್ಲಿ ಆ ಹಠಮಾರಿ ತಗ್ಗು ದನಿಗೆ ದೊಡ್ಡ ದೊಡ್ಡ ಅಂಕಿಗಳನ್ನು ಸಾಲಾಗಿ ಇಟ್ಟೆ. ಗ್ರೈಂಡರಿನ ಕಲ್ಲು ಸುತ್ತು ಹಾಕುವ ಹಾಗೆ ಕೇಳಿಸಿತು, ಆದರೆ ಎಳೆದೂ ಎಳೆದೂ ಬಂದದ್ದು ಎರಡೇ ಸುತ್ತು. ಕೊನೆಗೆ ‘ಇಲ್ಲಿಗೆ ಮುಗಿಯಿತು’ ಇಟ್ಟಿದ್ದೇನೆಯೇ ಎಂದು ಮತ್ತೆ ಮತ್ತೆ ನೋಡಿಕೊಂಡೆ. ಮನೆಗೆ ತಂದು ಅಪ್ಪನಿಗೆ ಕೇಳಿಸಿ ನೋಡಲು ಬಿಡುವಾಗಲಿಲ್ಲ, ಆಟ ಆವತ್ತೇ ಅಚ್ಚಿಗೆ ಹೋಯಿತು. ಆ ಭಾನುವಾರ ಅದು ನಿಲ್ಲದೆ ಗೊರಗುಟ್ಟಿದ್ದಕ್ಕೆ ಅವನಿಗೆ ಕೇಳಿಸಿತ್ತೇನೋ, ಇಷ್ಟು ಚಿಕ್ಕದು ಆ ಕಿವಿಗೆ ತಾಗುತ್ತದೋ ಇಲ್ಲವೋ ಎಂಬ ಅಳುಕು ಅಲ್ಲಿಂದ ನನ್ನನ್ನು ಬಿಡಲಿಲ್ಲ.

ತಯಾರಾದ ಡಬ್ಬಿ ಮನೆಗೆ ಬಂದಾಗ ಅವರೆಕಾಯಿಯ ಕಾಲ. ಮನೆ ತುಂಬ ಸೊಗಡಿನ ವಾಸನೆ. ಅಪ್ಪ ಬಾಗಿಲ ಬಳಿ, ಟಿವಿಗೆ ಬೆನ್ನು ಹಾಕಿ, ಮೊರ ತುಂಬ ಕಾಯಿ ಸುಲಿಯುತ್ತಾ ಕೂತಿದ್ದ. ಈ ಕಡೆ ತಿರುಗು ಎಂದು ನಾನು ಕರೆಯಲಿಲ್ಲ. ತಿರುಗಿದರೆ ಮತ್ತೆ ನನ್ನ ಮುಖ ನೋಡಿ ತಲೆದೂಗಿಬಿಡುತ್ತಾನಲ್ಲ. ಆಟವನ್ನು ಅಮ್ಮನ ಕೈಗೆ ಕೊಟ್ಟು ನಾನು ಅಪ್ಪನ ಬೆನ್ನನ್ನೇ ನೋಡುತ್ತಾ ನಿಂತೆ. ಅಮ್ಮ ಎರಡು ಸಲ ಬೆಕ್ಕಿನ ಬಾಯಿಗೆ ಸಿಕ್ಕಿ, ಬೆಕ್ಕಿನ ವಂಶಕ್ಕೆಲ್ಲ ಶಾಪ ಹಾಕಿ, ಕೊನೆಗೂ ಗುಬ್ಬಿಯನ್ನು ತೊಟ್ಟಿ ದಾಟಿಸಿದಳು. ಗುಬ್ಬಿ ಗೂಡಿನೊಳಗೆ ಹಾರಿತು. ಅರ್ಧ ಕೂಗು, ಅದರ ಅಡಿಯಲ್ಲಿ ಗೊರ್ರ್, ಗೊರ್ರ್.

ಅಪ್ಪನ ಕೈ ಮೊರದಲ್ಲೇ ನಿಂತಿತು.

"ಏನೇ, ಅಷ್ಟ್ ಬೇಗ ನಿಲ್ಲಿಸ್ಬುಟ್ಟೆ," ಎಂದ ಅವನು, ಈ ಕಡೆ ತಿರುಗದೆ. "ಇನ್ನೊಂದ್ ವಸಿ ರುಬ್ಬು. ಇಟ್ಟು ನುಣ್ಣಗಾಗಿಲ್ಲ."